ಏಳು ಕಿಟಕಿಯ ವಿಮಾನ

ತುಮಕೂರಿನಿಂದ ಶಿರಾಕ್ಕೆ ಬೆಳಗಿನ ಬಸ್ಸು ಏಳು ಗಂಟೆಗೆ. ನಯಾ ಪೈಸೆ ಬಂದ ಹೊಸತು. ಹನ್ನೆರಡಾಣೆಯೆಂದರೆ ಎಪ್ಪತ್ತೈದು ಪೈಸೆ ಎಂದು ಕಂಡಕ್ಟರು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತ ಬಂದದ್ದರಿಂದ ಊರು ದಾಟುವಷ್ಟರಲ್ಲಿ ಎಂಟಾಯಿತು. ನನ್ನ ಚೀಲದಲ್ಲಿ ಎರಡು ಸೀರೆ, ಪೆನ್ಸಿಲ್ಲುಗಳು, ಒಂದು ಸುರುಳಿ ಟ್ರೇಸಿಂಗ್ ಕಾಗದ ಇದ್ದವು. ನಾನು ಮೈಸೂರಿನ ಕಾಲೇಜಿನಲ್ಲಿ ಇತಿಹಾಸ ಓದಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿರುವವಳು. ಯುದ್ಧದ ವರ್ಷಗಳಲ್ಲಿ ಪಾವಗಡದ ಕಡೆಯ ತೊಗಲುಗೊಂಬೆಯವರೊಬ್ಬರು ರಾಮಾಯಣದ ಆಟದೊಳಗೆ ವಿಮಾನ ಹಾರಿಸುತ್ತಿದ್ದರೆಂದು ನಮ್ಮ ಶಾಲೆಯ ಆಯಾ ಹೇಳಿದ್ದಳು. ಗೊಂಬೆ ಇನ್ನೂ ಇದೆ, ಆದರೆ ಈ ಮಳೆಗಾಲದಲ್ಲಿ ಅದನ್ನು ಹೊಳೆಗೆ ಬಿಡುತ್ತಾರಂತೆ ಎಂದು ಅವಳೇ ತಿಳಿಸಿದ ವಾರ ರಜೆ ಬರೆದುಕೊಟ್ಟೆ. ನೀರಿಗೆ ಹೋಗುವ ಮೊದಲು ಅದರ ಪಡಿಯಚ್ಚನ್ನು ಕಾಗದಕ್ಕೆ ಇಳಿಸಿಕೊಳ್ಳಬೇಕು, ಅಷ್ಟೇ ನನ್ನ ಉದ್ದೇಶ.

ಹಿಂತಿರುಗಿ ಹತ್ತು ದಿನವಾಯಿತು. ಯಾರಾದರೂ ಅಂಗಳದಲ್ಲಿ ಕೊಡ ಬಗ್ಗಿಸಿದರೆ ಸಾಕು, ನನ್ನ ಎರಡೂ ಕೈ ತಾವಾಗಿಯೇ ತಲೆಯ ಮೇಲಕ್ಕೆ ಏಳುತ್ತವೆ. ಆಮೇಲೆ ನಗುವೂ ಬರುತ್ತದೆ.

ಶಿರಾದಲ್ಲಿ ನಾನು ಹುಡುಕಿಕೊಂಡು ಹೋದದ್ದು ಸೈಕಲ್ ಅಂಗಡಿಯ ರಹೀಂ ಸಾಹೇಬರನ್ನು. ಆ ವಿಮಾನದಲ್ಲಿ ಅವರ ಮುಖ ಇದೆಯೆಂದು ಆಯಾ ಹೇಳಿದ್ದಳು. ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ ನಲವತ್ತೈದರ ಗಂಡಸು ನನ್ನ ಮಾತು ಕೇಳಿ ಕೈ ಒರೆಸಿಕೊಂಡು, ನಾಳೆ ನಾನೂ ಆ ಹೊಳೆಗೇ ಹೊರಟಿದ್ದೇನೆ ಎಂದರು. ಒಳಗಿನಿಂದ ಅವರ ಹೆಂಡತಿ ಒಂದು ತಟ್ಟೆ ಸೀತಾಫಲ ತಂದಿಟ್ಟು, "ಹೋಗ್ಲಿ ಬುಡಿ ಟೀಚರಮ್ಮ, ಕಣ್ಣು ಬರ್ಸಿಕೊಂಡು ಬರ್ಲಿ. ಆ ಗೊಂಬೆಗೆ ಕಣ್ಣಿಲ್ದೆ ಇರೋದಕ್ಕೇ ಇವ್ರಿಗೆ ಮನೇಲಿ ಅಕ್ಕಿ ಮುಗ್ದಿದ್ದು ಕಾಣಾಕಿಲ್ಲ" ಎಂದರು.

ಕಥೆ ಹೀಗೆ. ಯುದ್ಧ ಜೋರಾಗಿದ್ದಾಗ ತಾಲ್ಲೂಕಿನ ಅಧಿಕಾರಿಯೊಬ್ಬರು ಗೊಂಬೆಯಾಟದ ಈರಪ್ಪನವರನ್ನು ಕರೆಸಿ, ಆಟದ ನಡುವೆ ಯುದ್ಧದ ಸುದ್ದಿ ಹೇಳಬೇಕು, ಹರೆಯದವರು ಸೈನ್ಯ ಸೇರುವಂತೆ ಹುರಿದುಂಬಿಸಬೇಕು ಎಂದಿದ್ದರು. ಈರಪ್ಪ ಪತ್ರಿಕೆಯ ಚಿತ್ರ ನೋಡಿ ಮೇಕೆಯ ತೊಗಲಿನಲ್ಲಿ ವಿಮಾನ ಕತ್ತರಿಸಿದರು. ಲಂಕೆಯ ಮೇಲೆ ಅದು ಬಾಂಬು ಹಾಕಿದಾಗ ಜನ ಒಪ್ಪಲಿಲ್ಲ. ಹನುಮಂತ ಇರುವಾಗ ಇದೇಕೆ ಎಂದರು. ಮರುದಿನದಿಂದ ಅದು ರಾಮನನ್ನು ಅಯೋಧ್ಯೆಗೆ ಕರೆತರುವ ಪುಷ್ಪಕವಾಯಿತು. ಆಗ ಮಕ್ಕಳನ್ನು ಯುದ್ಧಕ್ಕೆ ಕಳಿಸಿದ್ದ ತಾಯಂದಿರು ಬಂದು, ನಮ್ಮ ಹುಡುಗನನ್ನೂ ಅದರಲ್ಲಿ ಕೂರಿಸಪ್ಪ ಎಂದು ಕೇಳತೊಡಗಿದರು. ಈರಪ್ಪ ಏಳು ಕಿಟಕಿ ಕೊರೆದು ಏಳು ಮುಖ ಬರೆದರು. ಕಣ್ಣು ಮಾತ್ರ ತೆರೆಯಲಿಲ್ಲ.

ಗೊಂಬೆಗೆ ಕೊನೆಯಲ್ಲಿ ತೂತು ಮಾಡುವುದು ಕಣ್ಣು. ಅದಾದರೇನೇ ಅದಕ್ಕೆ ಜೀವ. ಹುಡುಗ ಊರಿಗೆ ಬಂದು ಎದುರಿಗೆ ಕೂತ ದಿನ ಅವನ ಕಣ್ಣು ತೆರೆಯುತ್ತೇನೆಂದು ಈರಪ್ಪ ಮಾತು ಕೊಟ್ಟಿದ್ದರು. ಐವರು ಬಂದು ಕೂತಿದ್ದರು. ಮಲಯಾದಲ್ಲಿ ಜಪಾನಿನವರ ಸೆರೆಸಿಕ್ಕು ತಡವಾಗಿ ಮರಳಿದ ಮಿಲಿಟರಿ ಲಾರಿ ಡ್ರೈವರ್ ರಹೀಂ ಸಾಹೇಬರು ನಾಚಿಕೆಗೋ ಸೋಮಾರಿತನಕ್ಕೋ ಹೋಗಿರಲಿಲ್ಲ. ಏಳನೆಯವನ ವಿಷಯ ಕೇಳಿದಾಗ, ಅಲ್ಲೇ ಗೊತ್ತಾಗುತ್ತದೆ ಎಂದಷ್ಟೇ ಹೇಳಿದರು.

ಮರುದಿನ ಮಧುಗಿರಿ, ಸುಮಾರು ಇಪ್ಪತ್ತೈದು ಮೈಲಿ. ಬಸ್ಸಿನ ಚಾವಣಿಯ ಮೇಲೆ ಕುರಿಗಳು, ಕೆಳಗೆ ಕಡಲೆಕಾಯಿ ಮೂಟೆಗಳ ನಡುವೆ ನಾವು. ಇಳಿದೊಡನೆ ಕಣ್ಣಿಗೆ ಬೀಳುವುದು ಬೆಟ್ಟವೇ. ಊರಿನಲ್ಲಿ ಯಾವ ಬೀದಿಗೆ ತಿರುಗಿದರೂ ಆ ಒಂಟಿ ಬಂಡೆ ಎದುರು ಮನೆಯವರ ಹಾಗೆ ನಮ್ಮನ್ನು ನೋಡುತ್ತಿರುತ್ತದೆ. ನನ್ನ ಜೊತೆಯ ಉಪಾಧ್ಯಾಯಿನಿಯ ಅಕ್ಕನ ಮನೆಯಲ್ಲಿ ನಾನು, ನೆಂಟರ ಮನೆಯಲ್ಲಿ ರಹೀಂ ಸಾಹೇಬರು ಉಳಿದೆವು. ಅಕ್ಕನವರು ಬಿಸಿ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿ, ದಾರಿಗೆಂದು ನಾಲ್ಕು ದಾಳಿಂಬೆ ಕಟ್ಟಿಕೊಟ್ಟರು. ರಾತ್ರಿ ದಕ್ಷಿಣದಲ್ಲಿ, ದೇವರಾಯನದುರ್ಗದ ಕಡೆ, ಮಿಂಚುತ್ತಿತ್ತು. ಅದನ್ನು ನೋಡಿ ನಾನು ಚೆಲುವಾಗಿದೆ ಎಂದುಕೊಂಡು ಮಲಗಿದೆ.

ಮೂರನೆಯ ದಿನ ಬೆಳಿಗ್ಗೆ ಪುರವರಕ್ಕೆ ಹೋದೆವು. ಸವೆದ ಗೊಂಬೆಯನ್ನು ಎಸೆಯುವ ಹಾಗಿಲ್ಲ, ಸುಡುವ ಹಾಗಿಲ್ಲ. ಪೂಜೆ ಮಾಡಿ ಹರಿಯುವ ನೀರಿಗೆ ಬಿಡಬೇಕು. ಪಾವಗಡದಲ್ಲಿ ಹರಿಯುವ ನೀರೆಲ್ಲಿ? ಅದಕ್ಕಾಗಿ ಈರಪ್ಪ ಮತ್ತು ಅವರ ಹೆಂಡತಿ ತಿಮ್ಮಕ್ಕ ಗಾಡಿ ಕಟ್ಟಿಕೊಂಡು, ದೇವರಾಯನದುರ್ಗದಲ್ಲಿ ಹುಟ್ಟಿ ಬರುವ ಜಯಮಂಗಲಿ ಹೊಳೆಯವರೆಗೆ ಬಂದಿದ್ದರು. ಈರಪ್ಪ ಒಣಕಲು ಮೈಯ ಮುದುಕ, ತಲೆಗೆ ದೊಡ್ಡ ರುಮಾಲು. ರಾಮನ ಕಡೆಯ ಸವೆದ ಗೊಂಬೆಗಳದ್ದು ಒಂದು ಗಂಟು, ರಾವಣನ ಕಡೆಯದ್ದು ಇನ್ನೊಂದು. ಎರಡನ್ನೂ ಒಟ್ಟಿಗೆ ಇಟ್ಟರೆ ರಾತ್ರಿಯೆಲ್ಲ ಹೊಡೆದಾಡುತ್ತವಂತೆ. ವಿಮಾನ ಯಾವ ಕಡೆಗೆ ಸೇರಿದ್ದೆಂದು ಗಂಡಹೆಂಡಿರಲ್ಲಿ ಇಷ್ಟು ವರ್ಷವಾದರೂ ತೀರ್ಮಾನವಾಗಿರಲಿಲ್ಲ. ಅದಕ್ಕೇ ಅದು ತಿಮ್ಮಕ್ಕನ ಸೀರೆಗಳ ನಡುವೆ ಮಡಿಯಾಗಿ ಬಂದಿತ್ತು.

ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರು. ಅರಿಶಿನ ಕುಂಕುಮ ಇಟ್ಟು ಮೊದಲು ಬಿಟ್ಟ ಹನುಮಂತ ಎರಡು ಮಾರು ಹೋಗಿ ಮರಳಿನಲ್ಲಿ ಸಿಕ್ಕಿಕೊಂಡ. ಈರಪ್ಪ ಕೋಲಿನಿಂದ ತಳ್ಳಿದರೆ ಮಗುಚಿ ಮಲಗಿದ. "ಸಮುದ್ರ ಹಾರಿದೋನು, ಈ ಗುಂಡೀನ ದಾಟಾಕೆ ಆಗ್ಲಿಲ್ವೇ ನಿನ್ ಕೈಲಿ?" ಎಂದು ತಿಮ್ಮಕ್ಕ ಅವನನ್ನೇ ಗದರಿಸಿದರು. ನಾವೆಲ್ಲ ನಕ್ಕೆವು. ನಡುಹೊಳೆಯ ಬಂಡೆಯ ಹತ್ತಿರ ಸ್ವಲ್ಪ ಆಳವಿದೆಯೆಂದು ಹನುಮಂತನನ್ನೂ ಗಂಟುಗಳನ್ನೂ ವಿಮಾನವನ್ನೂ ಎತ್ತಿಕೊಂಡು ನಾಲ್ವರೂ ಅಲ್ಲಿಗೆ ಹೋದೆವು. ಆಕಾಶ ತೊಳೆದಿಟ್ಟ ಹಾಗಿತ್ತು.

ಬಂಡೆಯ ಮೇಲೆ ರಹೀಂ ಸಾಹೇಬರನ್ನು ಎದುರಿಗೆ ಕೂರಿಸಿಕೊಂಡು ಈರಪ್ಪ ಸಣ್ಣ ಉಳಿಯಿಂದ ಆರನೆಯ ಕಿಟಕಿಯ ಮುಖಕ್ಕೆ ಎರಡು ಪೆಟ್ಟು ಕೊಟ್ಟರು. ಆಮೇಲೆ ವಿಮಾನವನ್ನು ಬಿಸಿಲಿಗೆ ಹಿಡಿದರು. ಕೆಂಪು, ಹಸಿರು, ಕಪ್ಪು ಬಣ್ಣಗಳು ಹೊತ್ತಿಕೊಂಡವು. ರಹೀಂ ಸಾಹೇಬರ ಬಿಳಿ ಅಂಗಿಯ ಮೇಲೆ, ಎದೆಯ ಹತ್ತಿರ, ಸಾಸಿವೆಕಾಳಿನಷ್ಟು ಎರಡು ಬೆಳಕಿನ ಚುಕ್ಕೆ ಬಿದ್ದವು. ಅವರು ಅವನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು.

ಆಗ ಈರಪ್ಪ ಉಳಿಯನ್ನು ಏಳನೆಯ ಕಿಟಕಿಗೆ ತಂದರು. ತಿಮ್ಮಕ್ಕ ಅವರ ಕೈ ಹಿಡಿದರು.

ಏಳನೆಯವನು ತಿಮ್ಮಕ್ಕನ ತಮ್ಮ ಗೋವಿಂದ, ಇವರ ಮೇಳದಲ್ಲೇ ಮದ್ದಳೆ ಬಾರಿಸುತ್ತಿದ್ದವನು. ಇವರ ಯುದ್ಧದ ಆಟಕ್ಕೆ ಮನಸೋತು ಎಲ್ಲರಿಗಿಂತ ಮೊದಲು ಸೈನ್ಯ ಸೇರಿದವನು ಅವನೇ. ರಂಗೂನಿನಿಂದ ಒಂದು ಕಾಗದ ಬಂದಿತ್ತು, ಆಮೇಲೆ ಇಲ್ಲ.

"ಬರ್ದೇ ಇರೋನಿಗೆ ಕಣ್ಣು ತೆಗಿಯಾಕೆ ನೀನೇನು ಬ್ರಹ್ಮನಾ?" ಎಂದರು ತಿಮ್ಮಕ್ಕ.

"ಹದಿನಾಕು ವರ್ಷ ದಾಟ್ತು ಕಣೇ. ರಾಮನೂ ಅಷ್ಟರಲ್ಲಿ ಬಂದ," ಎಂದರು ಈರಪ್ಪ. "ಕಣ್ಣಿಲ್ದಿದ್ದನ್ನ ನೀರಿಗೆ ಬುಡಂಗಿಲ್ಲ. ನಾನು ಹೋದ್ಮೇಲೆ ಇದನ್ನ ಇಲಿ ತಿಂತವೆ."

"ಅವನು ಅಲ್ಲೇ ಮದುವೆ ಆಗಿ ದಪ್ಪ ಆಗವ್ನೆ. ಹೊಟ್ಟೆ ಹೊತ್ಕಂಡು ಬರಾಕೆ ತಡ ಆಗ್ತದೆ."

ಈ ಜಗಳದಲ್ಲಿ ನನಗೆ ಸಮಯ ಸಿಕ್ಕಿತ್ತು. ವಿಮಾನವನ್ನು ಅವರ ಕೈಯಿಂದ ಇಸಿದುಕೊಂಡು ಬಂಡೆಯ ಮೇಲೆ ಹಾಸಿ, ಕಾಗದ ಹೊದಿಸಿ ಗೆರೆ ಎಳೆಯುತ್ತಿದ್ದೆ. ರೆಕ್ಕೆ ಮುಗಿದು ಬಾಲ ಬಾಕಿಯಿತ್ತು. ದೂರದಲ್ಲಿ ಲಾರಿಗಳು ಸಾಲಾಗಿ ಬರುವ ಹಾಗೆ ಸದ್ದಾಗುತ್ತಿದೆ ಎಂದು ರಹೀಂ ಸಾಹೇಬರು ಅಂದರು. ಆ ಕಡೆ ರಸ್ತೆ ಇಲ್ಲವೆಂದರು ಈರಪ್ಪ. ನಾನು ತಲೆಯೆತ್ತದೆ, "ಇನ್ನೊಂದು ನಿಮಿಷ" ಎಂದೆ.

ಈ ಹತ್ತು ದಿನ ನಾನು ಮತ್ತೆ ಮತ್ತೆ ಕೇಳುತ್ತಿರುವುದು ಹೊಳೆಯ ಸದ್ದನ್ನಲ್ಲ, ನನ್ನ ಆ ಮಾತನ್ನು. ಅದನ್ನು ಹೇಳದೆ ಇದ್ದಿದ್ದರೆ ನಾವು ಪಾದ ಮಾತ್ರ ನೆನೆಸಿಕೊಂಡು ದಡ ಸೇರುತ್ತಿದ್ದೆವು.

ಬೆಳ್ಳಕ್ಕಿಗಳು ಒಮ್ಮೆಲೇ ಎದ್ದವು. ತಿರುವಿನಲ್ಲಿ ಮೊಳದೆತ್ತರದ ಕಂದು ಗೋಡೆ, ಅದರ ತಲೆಯ ಮೇಲೆ ಕಸಕಡ್ಡಿ, ಒಂದು ಇಡೀ ಜಾಲಿಮರ. ಈರಪ್ಪ "ಹೊಳೆ ಬಂತು" ಎಂದರು, ಅತಿಥಿ ಬಂದರು ಎನ್ನುವಷ್ಟು ಮೆಲ್ಲಗೆ. ಎಲ್ಲರೂ ಧುಮುಕಿದರು. ನಾನು ಬಗ್ಗಿದೆ. ಕೈಗೆ ಬಂದದ್ದು ಕಾಗದವಲ್ಲ, ವಿಮಾನ. ಏಕೆಂದು ಈಗಲೂ ಹೇಳಲಾರೆ. ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ನೀರಿಗಿಳಿದಾಗ ಮಂಡಿಯವರೆಗೆ ಇತ್ತು, ನಾಲ್ಕು ಹೆಜ್ಜೆಗೆ ಸೊಂಟ, ಆಮೇಲೆ ಕಾಲಡಿಯ ಮರಳೇ ಇಲ್ಲ. ದಡದ ಹೊಂಗೆಯ ಬೇರು ಹಿಡಿದಿದ್ದ ಈರಪ್ಪ ತಮ್ಮ ರುಮಾಲು ಬಿಚ್ಚಿ ಎಸೆದರು. ಅದರ ತುದಿ ರಹೀಂ ಸಾಹೇಬರ ಕೈಗೆ ಸಿಕ್ಕಿತು. ಅವರ ಸೊಂಟವನ್ನು ತಿಮ್ಮಕ್ಕ ಹಿಡಿದಿದ್ದರು. ನನ್ನ ಕೈ ಎರಡೂ ಮೇಲಿದ್ದವಲ್ಲ, ಹಿಡಿಯಲು ಆಕೆಗೆ ಸಿಕ್ಕಿದ್ದು ನನ್ನ ಜಡೆ. ಬುಡ ಕಿತ್ತುಬರುವ ಹಾಗೆ ಎಳೆದರು.

ದಡದ ಮೇಲೆ ನಾಲ್ವರೂ ಕೆಸರಿನ ಮುದ್ದೆಗಳ ಹಾಗೆ ಬಿದ್ದಿದ್ದೆವು. ಬಂಡೆ ಕಾಣುತ್ತಿರಲಿಲ್ಲ. ಹನುಮಂತ, ರಾವಣ, ಎರಡೂ ಗಂಟು, ನನ್ನ ಕಾಗದ, ಎಲ್ಲ ಹೋಗಿದ್ದವು. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು; ಕೈ ಇನ್ನೂ ಮೇಲೆಯೇ ಇತ್ತು. ಬಾಲದ ತುದಿ ಬಿಟ್ಟರೆ ವಿಮಾನ ಒಣಗಿಯೇ ಇತ್ತು. ಮೊದಲು ನಕ್ಕವರು ತಿಮ್ಮಕ್ಕ. "ಇಳ್ಸಮ್ಮ ಕೈಯ್ಯ. ಇಳಿದಾಯ್ತು ವಿಮಾನ."

"ಕಣ್ಣು ಬಂದ ಗಳಿಗೇಲೇ ಎಂಥಾದ್ದು ತೋರ್ಸಿದ್ರಿ ಈರಪ್ಪ," ಎಂದರು ರಹೀಂ ಸಾಹೇಬರು. "ಕುರುಡಾಗಿದ್ದಾಗಲೇ ಆರಾಮ್ ಇತ್ತು."

ಈರಪ್ಪ ತಮ್ಮ ಮಡಿಲು, ಸೊಂಟ ತಡಕಿ ನೋಡಿಕೊಂಡರು. "ಉಳೀನೂ ಒಯ್ದವ್ಳೆ ಗಂಗಮ್ಮ," ಎಂದರು. "ಹನುಮಂತನ್ನ ಒಯ್ದಳು, ರಾವಣನ್ನ ಒಯ್ದಳು. ಇದನ್ನ ಬ್ಯಾಡ ಅಂದ್ಳು. ಸರಿ, ಬುಡು. ಕಾಯಾನ."

ತಿಮ್ಮಕ್ಕ ವಿಮಾನವನ್ನು ತೆಗೆದುಕೊಂಡು, ಗಾಡಿಯಲ್ಲಿದ್ದ ಒಣಸೀರೆಯಲ್ಲಿ ಏಳನೆಯ ಕಿಟಕಿ ಮೇಲಕ್ಕೆ ಬರುವ ಹಾಗೆ ಸುತ್ತಿದರು. ನಾಲ್ಕು ದಾಳಿಂಬೆಗಳೂ ಗಾಡಿಯಲ್ಲೇ ಉಳಿದಿದ್ದವು. ಬಿಡಿಸಿಕೊಂಡು ತಿಂದೆವು. ಅಷ್ಟು ಸಿಹಿಯಾದ ಹಣ್ಣನ್ನು ನಾನು ತಿಂದಿಲ್ಲ. ಸುಗ್ಗಿ ಮುಗಿದ ಮೇಲೆ ನಿಡುಗಲ್ಲಿನಲ್ಲಿ ಆಟವಿದೆ, ಬಂದು ನಿಧಾನವಾಗಿ ಬರೆದುಕೋ, ಆಗ ಯಾರೂ ಅವಸರ ಮಾಡುವುದಿಲ್ಲ ಎಂದರು ತಿಮ್ಮಕ್ಕ.

ಮರುದಿನ ಕೊರಟಗೆರೆಯ ಮೇಲೆ ಹಿಂತಿರುಗಿದೆ. ಅಲ್ಲಿ ಬಸ್ಸು ಅದೇ ಹೊಳೆಯನ್ನು ದಾಟಿತು. ನೀರು ಮತ್ತೆ ಪಾದದಷ್ಟಕ್ಕೆ ಇಳಿದು, ಎಮ್ಮೆಗಳು ಮಲಗಿದ್ದವು. ಎಲ್ಲರೂ ಕಿಟಕಿಯಿಂದ ನೋಡುತ್ತಿದ್ದರು. ನಾನು ಮುಂದಿನ ಸೀಟಿನ ಸರಳು ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ.

ನಿನ್ನೆ ತರಗತಿಯಲ್ಲಿ ನೆನಪಿನಿಂದಲೇ ಆ ವಿಮಾನವನ್ನು ಕರಿಹಲಗೆಯ ಮೇಲೆ ಬರೆದೆ. ರೆಕ್ಕೆ, ಬಾಲ, ಏಳು ಕಿಟಕಿ, ಏಳು ಮುಖ. ಮುಂದಿನ ಬೆಂಚಿನ ಹುಡುಗಿ ಎದ್ದುನಿಂತು, ಕೊನೆಯವನಿಗೆ ಕಣ್ಣು ಬರೆಯುವುದು ಮರೆತಿದ್ದೀರಿ ಮಿಸ್ ಎಂದಳು.

"ಮರೆತಿಲ್ಲ," ಎಂದೆ. "ಅವನು ದಾರಿಯಲ್ಲಿದ್ದಾನೆ."