ಚೆಂಡಿಲ್ಲದ ಕಡೆ

ನನ್ನ ಹೆಂಡತಿ ಮನೆ ಬಿಟ್ಟು ಹೋಗುವಾಗ ಕೂಗಾಡಲಿಲ್ಲ. ಎರಡು ಸೂಟ್‌ಕೇಸು, ಒಂದು ಇಡ್ಲಿ ಸ್ಟ್ಯಾಂಡು ಕಾರಿಗೆ ಹಾಕಿಕೊಂಡಳು. ಆಮೇಲೆ ಬಾಗಿಲಲ್ಲಿ ನಿಂತು, "ನಾನು ಯಾಕೆ ಹೋಗ್ತಾ ಇದೀನಿ ಅಂತ ನಿಮಗೆ ಯಾವತ್ತಾದ್ರೂ ಹೊಳೆದ್ರೆ ಫೋನ್ ಮಾಡಿ. ಅಲ್ಲೀವರೆಗೂ ಊಟ ಆಯ್ತಾ, ತಿಂಡಿ ಆಯ್ತಾ ಅಂತ ಕೇಳೋಕೆ ಮಾತ್ರ ಮಾಡ್ಬೇಡಿ," ಎಂದಳು. ಇಲ್ಲೇ ಹತ್ತಿರದ ಡಬ್ಲಿನ್ ಎಂಬ ಊರಿನಲ್ಲಿ ಅವಳ ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ಒಂದು ರೂಮು ಖಾಲಿಯಿತ್ತು. ಸ್ಯಾನ್ ಹೋಸೆಯ ನಮ್ಮ ಮನೆಯಿಂದ ಅಲ್ಲಿಗೆ, ಫ್ರೀವೇಯಲ್ಲಿ ಟ್ರಾಫಿಕ್ಕು ಇಲ್ಲದಿದ್ದರೆ, ಮುಕ್ಕಾಲು ಗಂಟೆ. ಮೂರು ತಿಂಗಳು ನಾನು ಆ ಕಡೆ ಹೋಗಲಿಲ್ಲ, ಫೋನೂ ಮಾಡಲಿಲ್ಲ. ಯಾಕೆ ಹೋದಳೆಂದು ನನಗೆ ಇನ್ನೂ ಹೊಳೆದಿರಲಿಲ್ಲ.

ನಿಜ ಹೇಳಬೇಕೆಂದರೆ ಮೊದಲ ತಿಂಗಳು ನನಗೆ ಸಿಟ್ಟೇ ಬಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ, ಅವಳ ಹುಟ್ಟುಹಬ್ಬ ಮರೆತವನಲ್ಲ. ವರ್ಷಕ್ಕೊಮ್ಮೆ ಮೈಸೂರು, ಇನ್ನೊಮ್ಮೆ ಅವಳು ಹೇಳಿದ ಊರು. ಮಕ್ಕಳಾಗಲಿಲ್ಲ, ಅದಕ್ಕೂ ಯಾರನ್ನೂ ದೂರಲಿಲ್ಲ. ಇನ್ನೇನು ಬೇಕಂತೆ ಇವಳಿಗೆ? ಹೀಗೆ ಅಡುಗೆಮನೆಯಲ್ಲಿ ಒಬ್ಬನೇ ನಿಂತು ಗೊಣಗಿಕೊಂಡು, ಪಾತ್ರೆಯಿಂದಲೇ ಮೊಸರನ್ನ ತಿನ್ನುತ್ತಿದ್ದೆ. ಗೊಣಗುವುದಕ್ಕೂ ಎದುರಿಗೆ ಒಬ್ಬರು ಬೇಕು ಎಂದು ಆಗ ಗೊತ್ತಾಯಿತು.

ನನ್ನ ಕೆಲಸವೂ ಇಂಥ ಲೆಕ್ಕದ್ದೇ. ಈ ದೇಶದ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಹೆಲ್ಮೆಟ್ಟು ಹಾಕಿಕೊಂಡು, ಚೆಂಡನ್ನು ಅವುಚಿಕೊಂಡು ಓಡುವುದು. ಪ್ರತಿ ವಸಂತದಲ್ಲಿ ದೊಡ್ಡ ತಂಡಗಳು ಕಾಲೇಜು ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಮುಂಚೆ ಅವರನ್ನೆಲ್ಲ ಒಂದು ಕಡೆ ಸೇರಿಸಿ, ಚಡ್ಡಿ ಬನಿಯನ್ನಿನಲ್ಲಿ ನಲವತ್ತು ಗಜ ಓಡಿಸಿ, ನಿಂತಲ್ಲಿಂದ ಎಗರಿಸಿ, ಭಾರ ಎತ್ತಿಸಿ, ಅಂಗೈಯ ಅಗಲವನ್ನೂ ಬಿಡದೆ ಅಳೆಯುತ್ತಾರೆ. ಪಾಲೋ ಆಲ್ಟೋದ ಒಂದು ಸಣ್ಣ ಕಂಪನಿಯಲ್ಲಿ ಆ ಅಳತೆಗಳನ್ನೆಲ್ಲ ಕೂಡಿಸಿ ಯಾರು ಮೇಲು, ಯಾರು ಕೆಳಗೆ ಎಂದು ಪಟ್ಟಿ ಮಾಡುವ ಪ್ರೋಗ್ರಾಂ ಬರೆಯುವವನು ನಾನು. ವಾರಕ್ಕೆ ಎರಡು ದಿನ ಆಫೀಸು, ಮಿಕ್ಕ ದಿನ ಮನೆಯ ಮುಂದಿನ ರೂಮು. ಬೀದಿ ಕಂಡರೆ ಗಮನ ಹರಿದುಹೋಗುತ್ತದೆ ಎಂದು ಅಲ್ಲಿ ಕಿಟಕಿಗೆ ಬೆನ್ನು ಮಾಡಿ ಮೇಜು ಹಾಕಿಕೊಂಡಿದ್ದೆ.

ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು ಒಬ್ಬ ನಿವೃತ್ತ ಕೋಚು. ಎಪ್ಪತ್ತು ದಾಟಿದ ಮುದುಕರು, ಜೇಬಿನ ತುಂಬ ಸೂರ್ಯಕಾಂತಿ ಬೀಜ. ಅವರಿಗೆ ಅಳತೆಗಳೆಂದರೆ ಅಷ್ಟಕ್ಕಷ್ಟೆ. ಆಟಗಾರ ನಿಜವಾದ ಪಂದ್ಯದಲ್ಲಿ ಆಡಿದ ಫಿಲ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿಯೇ ಅವರು ಬೆಲೆ ಕಟ್ಟುವುದು. ಈ ವಿಷಯಕ್ಕೆ ನಮ್ಮಿಬ್ಬರಿಗೂ ದಿನಾ ಜಟಾಪಟಿ.

ಈ ವಸಂತದಲ್ಲಿ ಜಗಳ ಒಬ್ಬ ಆಟಗಾರನ ಮೇಲೆ ಬಂತು. ಅವನು ಮೈದಾನದ ಅಂಚಿನಿಂದ ಓಡಿಹೋಗಿ ಚೆಂಡು ಹಿಡಿಯುವವನು. ಓಟದಲ್ಲಿ ಅವನನ್ನು ಮೀರಿಸಿದವರಿಲ್ಲ, ನನ್ನ ಪಟ್ಟಿಯಲ್ಲಿ ಅವನೇ ಮೊದಲು. ಮುದುಕರ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿದ್ದ. "ಏನ್ ಸಾರ್ ಇದು, ಗಡಿಯಾರಕ್ಕಿಂತ ನಿಮ್ಮ ಕಣ್ಣು ದೊಡ್ಡದಾ?" ಎಂದು ರೇಗಿದೆ. ಅವರು ಬೀಜದ ಸಿಪ್ಪೆ ಉಗಿದು ನಕ್ಕರು. ಆಡಿದ್ದು ಇಂಗ್ಲಿಷಿನಲ್ಲೇ, ನನ್ನ ಕಿವಿಯಲ್ಲಿ ಮಾತ್ರ ಕನ್ನಡದಲ್ಲಿ ಉಳಿದಿದೆ: "ಓಡ್ತಾನಪ್ಪಾ, ಇಲ್ಲ ಅಂದೋರ್ಯಾರು? ಚೆಂಡು ತನ್ನ ಕಡೆ ಬರ್ದೇ ಇದ್ದಾಗ ಏನ್ ಮಾಡ್ತಾನೆ ನೋಡಿದೀಯಾ? ಸೌಂಡು ಆಫ್ ಮಾಡು, ಚೆಂಡನ್ನ ಬಿಡು, ಅವನೊಬ್ಬನ್ನೇ ನೋಡು."

ಅವರದು ತಪ್ಪೆಂದು ತೋರಿಸಲಿಕ್ಕೇ ನಾನು ಭಾನುವಾರ ಮಧ್ಯಾಹ್ನ ಮುಂದಿನ ರೂಮಿನಲ್ಲಿ ಅವನ ಫಿಲ್ಮು ಹಾಕಿಕೊಂಡು ಕೂತೆ. ಚೆಂಡನ್ನು ಬಿಟ್ಟು ನೋಡುವುದು ಎಷ್ಟು ಕಷ್ಟ ಅಂತೀರಿ! ಕಣ್ಣು ತಾನಾಗಿ ಅದರ ಹಿಂದೆ ಓಡುತ್ತದೆ. ಬೆರಳಿಂದ ಪರದೆಯ ಅರ್ಧ ಮುಚ್ಚಿಕೊಂಡು ನೋಡಿದೆ. ಆಗ ಕಂಡಿತು. ಚೆಂಡು ತನಗೆ ಬರುವುದಾದರೆ ಅವನು ಬಾಣ. ಆ ಕಡೆ ಹೋಯಿತೋ, ಎರಡು ಹೆಜ್ಜೆ ಹಾಕಿ ಸೊಂಟದ ಮೇಲೆ ಕೈ ಇಟ್ಟು ನಿಂತುಬಿಡುತ್ತಿದ್ದ. ಜೊತೆಯವನು ಅವನ ಕಣ್ಣೆದುರೇ ಏಟು ತಿಂದು ಬಿದ್ದರೂ ಅಷ್ಟೆ. ಒಂದು ಪಂದ್ಯವಲ್ಲ, ನಾಲ್ಕು ಪಂದ್ಯದಲ್ಲೂ ಅದೇ. ಅವನು ಕೆಟ್ಟವನೇನಲ್ಲ, ತನ್ನದಲ್ಲದ ಹೊತ್ತಿನಲ್ಲಿ ಅವನು ಅಲ್ಲಿ ಇರುತ್ತಲೇ ಇರಲಿಲ್ಲ. ಮುದುಕರು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳುವಾಗ ನನಗೆ ಮೈಯೆಲ್ಲ ಉರಿಯಿತು.

ಅದೇ ಹೊತ್ತಿಗೆ ಫೋನಿಗೊಂದು ಮೆಸೇಜು ಬಂತು. ನಮ್ಮ ಬಾಗಿಲ ಬೆಲ್ಲಿಗೆ ಕ್ಯಾಮೆರಾ ಇದೆ, ಮುಂದೆ ಏನಾದರೂ ಅಲುಗಿದರೆ ಚಿಕ್ಕ ವಿಡಿಯೊ ತೆಗೆದಿಡುತ್ತದೆ. ಹಳೆಯ ವಿಡಿಯೊಗಳನ್ನು ಈ ವಾರ ಅಳಿಸುತ್ತೇವೆ, ಬೇಕಾದ್ದು ಇಟ್ಟುಕೊಳ್ಳಿ ಎಂದಿತ್ತು. ಅವುಗಳಲ್ಲಿ ಅವಳಿದ್ದಾಳೆ ಎಂಬುದು ಆಗ ನೆನಪಾಯಿತು. ಅವಳ ಮುಖ ನೋಡಬೇಕು ಅನ್ನಿಸಿತು, ಅಷ್ಟೆ. ತುಂಬಾ ಅನ್ನಿಸಿತು.

ಒಂದು ವಿಡಿಯೊದಲ್ಲಿ ಅವಳ ಕಾರು ಸಂಜೆ ಆಫೀಸಿನಿಂದ ಬಂದು ಡ್ರೈವ್‌ವೇಯಲ್ಲಿ ನಿಲ್ಲುತ್ತದೆ. ದೀಪ ಆರುತ್ತದೆ. ವಿಡಿಯೊ ಮುಗಿಯಿತು. ಮುಂದಿನದರಲ್ಲಿ ಅವಳು ಕಾರಿನಿಂದ ಇಳಿದು ಬರುತ್ತಾಳೆ, ಗ್ರೋಸರಿ ಚೀಲದಲ್ಲಿ ನುಗ್ಗೆಕಾಯಿ ಇಣುಕುತ್ತಿದೆ. ಬಾಗಿಲ ಮುಂದೆ ನಿಂತು ಉಸಿರು ಬಿಟ್ಟು, ಮುಖಕ್ಕೆ ನಗು ತಂದುಕೊಂಡು, ಆಮೇಲೆ ಬೀಗದ ಕೈ ಹಾಕುತ್ತಾಳೆ. ಮೂಲೆಯಲ್ಲಿದ್ದ ಸಮಯ ನೋಡಿದೆ. ಎರಡು ವಿಡಿಯೊಗಳ ನಡುವೆ ಒಂಬತ್ತು ನಿಮಿಷ. ಮಾರನೆಯ ದಿನದ್ದು ನೋಡಿದೆ. ಹನ್ನೆರಡು. ಒಂದು ದಿನ ಇಳಿದು ಅರ್ಧ ದಾರಿ ಬಂದವಳು ತಿರುಗಿ ಹೋಗಿ ಮತ್ತೆ ಕಾರಿನಲ್ಲಿ ಕೂತಳು. ದಿನವೂ ಒಳಗೆ ಬಂದು, "ಅಬ್ಬಾ, ಏನ್ ಟ್ರಾಫಿಕ್ಕು ರೀ," ಎನ್ನುತ್ತಿದ್ದಳು. ನಾನು ಹೆಡ್‌ಫೋನಿನೊಳಗಿಂದ "ಹೌದಾ" ಎನ್ನುತ್ತಿದ್ದೆ.

ಆಮೇಲೆ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಸ್ಪ್ರೆಡ್‌ಶೀಟು ತೆಗೆದೆ. ತಾರೀಖು, ಬಂದ ಹೊತ್ತು, ಇಳಿದ ಹೊತ್ತು, ಎಲ್ಲ ತುಂಬಿಸಿದೆ. ಉತ್ತರ ಸಿಕ್ಕಿತು ಎಂಬ ಹುರುಪಿನಲ್ಲಿ ಅವಳಿಗೆ ಫೋನ್ ಮಾಡಿದೆ.

"ಹೇಳಿ," ಎಂದಳು.

"ನೀನು ಕಾರಲ್ಲೇ ಕೂತಿರ್ತಿದ್ದೆ. ಆಫೀಸಿಂದ ಬಂದ್ಮೇಲೆ. ಒಳಗೆ ಬರ್ದೆ."

ಆ ಕಡೆ ಕುಕ್ಕರು ಕೂಗುತ್ತಿತ್ತು. ಅವಳು ಒಲೆ ಆರಿಸಿದ್ದು ಕೇಳಿಸಿತು. "ನೋಡಿದ್ರಾ?" ಎಂದಳು, ಮದುವೆಯಾದ ಹೊಸದರಲ್ಲಿ ಆಡುತ್ತಿದ್ದಂಥ ಮೆಲುದನಿಯಲ್ಲಿ.

"ಈಗ ನೋಡ್ದೆ. ಬಾಗಿಲ ಕ್ಯಾಮೆರಾದಲ್ಲಿ."

"ಎಲ್ಲಾನೂ?"

ಹೌದು ಎಂದು ಸುಮ್ಮನಾಗಿದ್ದರೆ ಸಾಕಿತ್ತು. ನಾನು ಸುಮ್ಮನಾಗಲಿಲ್ಲ. "ಎಲ್ಲಾ ನೋಡ್ದೆ. ಸರಾಸರಿ ಹನ್ನೊಂದು ನಿಮಿಷ. ಶುಕ್ರವಾರ ಇನ್ನೂ ಜಾಸ್ತಿ."

ಅವಳು ನಕ್ಕಳು. ಅಳುವುದಕ್ಕೆ ಹೋಗಿ ಬಂದ ನಗು ಅದು. "ಸರಾಸರಿ ತೆಗೆದ್ರಾ ರೀ? ಎಷ್ಟು ಹೊತ್ತು ಅಂತ ಲೆಕ್ಕ ಹಾಕಿದ್ರಿ. ಯಾಕೆ ಕೂತಿರ್ತಿದ್ದೆ ಅಂತ ಒಂದ್ಸಲ ಕೇಳ್ಬೇಕು ಅನ್ನಿಸ್ಲಿಲ್ವಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಇಟ್ಟಿದ್ದಳು. ತಿರುಗಿ ಮಾಡಿದೆ, ಎತ್ತಲಿಲ್ಲ.

ಬೀದಿಯಲ್ಲಿ ನಿಲ್ಲಿಸಿದ್ದ ನನ್ನ ಕಾರನ್ನು ತಂದು ಅವಳು ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಲ್ಲಿಸಿ, ದೀಪ ಆರಿಸಿ, ಒಳಗೇ ಕೂತೆ. ಸಂಜೆಯಾಗುತ್ತಿತ್ತು. ಎದುರಿಗೆ ಮುಂದಿನ ರೂಮಿನ ಕಿಟಕಿ, ಒಳಗೆ ಲೈಟು ಉರಿಯುತ್ತಿದೆ, ನನ್ನ ಕುರ್ಚಿಯ ಬೆನ್ನು ಕಾಣುತ್ತಿದೆ. ಅದರಾಚೆ ಪರದೆಯಲ್ಲಿ, ಸ್ಪ್ರೆಡ್‌ಶೀಟಿನ ಪಕ್ಕ ನಿಲ್ಲಿಸಿಟ್ಟ ಫಿಲ್ಮಿನಲ್ಲಿ, ಆ ಆಟಗಾರ ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದ. ದಿನವೂ ಅವಳು ಇಲ್ಲಿ ಕೂತು ನೋಡಿದ್ದು ನನ್ನ ಬೋಳು ಹಿಂದಲೆಯನ್ನು. ಇವರು ಒಂದು ಸಲ ಈ ಕಡೆ ತಿರುಗಲಿ ಎಂದು ಕಾಯುತ್ತಿದ್ದಳೋ, ತಿರುಗದಿದ್ದರೆ ಸಾಕಪ್ಪಾ ಎಂದುಕೊಳ್ಳುತ್ತಿದ್ದಳೋ. ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂಬುದಷ್ಟೇ ಆ ಹೊತ್ತಿಗೆ ನನಗೆ ಖಾತ್ರಿಯಾಗಿ ಗೊತ್ತಿದ್ದದ್ದು.

"ಯಾಕೆ ಕೂತಿರ್ತಿದ್ದೆ? ಹೇಳು," ಎಂದು ಬರೆದು ಕಳಿಸಿದೆ. ತಕ್ಷಣ ಫೋನು ಗುಂಯ್ ಎಂದಿತು. ಅವಳೇ ಎಂದು ತೆಗೆದು ನೋಡಿದೆ. ಅವಳಲ್ಲ, ಬಾಗಿಲ ಕ್ಯಾಮೆರಾ. ನಿಮ್ಮ ಮನೆಯ ಮುಂದೆ ಯಾರೋ ಬಂದಿದ್ದಾರೆ ಎಂದು, ಕಾರು ತಂದ ನನ್ನನ್ನೇ ಕಂಡು, ತಡವಾಗಿ ಹೇಳುತ್ತಿತ್ತು.

ನಾನು ಇಳಿಯಲಿಲ್ಲ. ಎಷ್ಟು ಹೊತ್ತು ಹಾಗೇ ಕೂತಿದ್ದೆ ಎಂದು ಗಡಿಯಾರ ನೋಡಿಕೊಳ್ಳಲಿಲ್ಲ.