ಭಯವನ್ನೂ ಬೋರ್ಡಿನ ಮೇಲೆ ಬರೆದುಕೊಟ್ಟೆ

ಮಸ್ಕಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಅದು ಹೆಸರಿಗೆ. ವರ್ಷಗಟ್ಟಲೆ ನನ್ನ ನಿಜವಾದ ಕಸುಬು, ಹತ್ತನೇ ತರಗತಿಯ ಪರೀಕ್ಷೆಯ ದಿನ ಕೋಣೆಯ ಬಾಗಿಲಲ್ಲಿ ನಿಂತು ಒಂದಂಕದ ಉತ್ತರಗಳನ್ನು ಮೆಲ್ಲಗೆ ಹೇಳುವುದು. ಅದನ್ನು ನಾವು ನಕಲು ಎನ್ನುತ್ತಿರಲಿಲ್ಲ. ಮಕ್ಕಳನ್ನು ದಡ ಸೇರಿಸುವುದು ಎನ್ನುತ್ತಿದ್ದೆವು. ಫಲಿತಾಂಶ ಬಂದಾಗ ಊರಿನವರು ಶಾಲು ಹೊದಿಸುತ್ತಿದ್ದರು. ನಾನೂ ತಲೆ ಬಾಗಿಸಿ ಹೊದ್ದುಕೊಳ್ಳುತ್ತಿದ್ದೆ.

ಆಮೇಲೆ ಪರೀಕ್ಷಾ ಕೋಣೆಗೆ ಕ್ಯಾಮೆರಾ ಬಂತು. ನಮ್ಮ ಬಾಯಿ ಬಂದ್ ಆಯಿತು, ಮಕ್ಕಳ ಮುಖ ಬಾಡಿತು. ಅವರ ಮನಸ್ಸು ಹಗುರ ಮಾಡುವುದು ಹೇಗೆಂದು ಲಿಂಗಸುಗೂರಿನಲ್ಲಿ ನಮಗೆ ಒಂದು ದಿನದ ತರಬೇತಿ ಕೊಟ್ಟರು. ಕೊನೆಗೆ ಕೊಟ್ಟ ಪ್ರಶ್ನಾವಳಿಯನ್ನು ನಾವೆಲ್ಲ ಪಕ್ಕದವರದು ನೋಡಿಯೇ ತುಂಬಿದೆವು.

ಮರುದಿನ ಮಕ್ಕಳಿಗೆ ಒಂದೊಂದು ಚೀಟಿ ಕೊಟ್ಟು, ಪರೀಕ್ಷೆ ಬಗ್ಗೆ ನಿಮಗೇನು ಭಯವೋ ಹೆಸರು ಹಾಕದೆ ಬರೆದು ಡಬ್ಬಿಗೆ ಹಾಕಿ ಎಂದೆ. ಹೆಚ್ಚಿನವರು ಪೆನ್ನೇ ಊರಲಿಲ್ಲ. ಏನೋ ಬರೆದು ನಿಲ್ಲಿಸಿದ್ದ ಮೊದಲ ಬೆಂಚಿನ ಹುಡುಗಿ ಎದ್ದಳು.

"ಸರ, ಬೋರ್ಡ್ ಮ್ಯಾಲೆ ಬರೀರಿ. ನೋಡಿ ಬರಿತೀವಿ."

ಕೈ ತನ್ನ ಪಾಡಿಗೆ ಸೀಮೆಸುಣ್ಣ ಹಿಡಿಯಿತು. 'ನನಗೆ ಗಣಿತ ಎಂದರೆ ಭಯ' ಎಂದು ಬರೆದೇಬಿಟ್ಟೆ. ಕನ್ನಡ ಮೇಷ್ಟ್ರಲ್ಲವೇ, ಭಯವನ್ನು ಗಣಿತದ ತಲೆಗೆ ಕಟ್ಟಿದೆ.

ಡಬ್ಬಿ ತೆರೆದರೆ ಎಲ್ಲರಿಗೂ ಗಣಿತದ ಭಯ. ಗಣಿತದಲ್ಲಿ ಸದಾ ಮುಂದಿರುವವರಿಗೂ. ಒಂದು ಚೀಟಿಯಲ್ಲಿ ಮಾತ್ರ ಮೊದಲ ಸಾಲನ್ನು ಹೊಡೆದುಹಾಕಿ ಅದರ ಕೆಳಗೆ ಗಣಿತದ ಭಯ ಬರೆಯಲಾಗಿತ್ತು. ಬೆಳಕಿಗೆ ಹಿಡಿದು ಓದಿದೆ: 'ಯಾರೂ ಹೇಳಿಕೊಡದಿದ್ರ ನನಗ ಬರ್ಯಾಕ ಬರಂಗಿಲ್ಲ.' ಅಕ್ಷರ ಅದೇ ಹುಡುಗಿಯದು. ತನ್ನ ಭಯವೂ ತಪ್ಪು ಉತ್ತರವಿರಬಹುದೆಂದು ಹೆದರಿ ನನ್ನನ್ನು ಕೇಳಿದ್ದಳು. ಹೊದ್ದ ಶಾಲುಗಳೆಲ್ಲ ನೆನಪಾಗಿ ನಾಚಿಕೆಯಾಯಿತು. ಪರೀಕ್ಷೆಗೆ ಒಂದೇ ತಿಂಗಳು ಉಳಿದಿತ್ತು.

ಶಾಲೆ ಬಿಟ್ಟ ಮೇಲೆ ಅವಳನ್ನು ಕೂರಿಸಿದೆ. ಗೆಳತಿಯರು ವರಾಂಡದಲ್ಲಿ ಕಾಯುತ್ತಿದ್ದರು. ಮನಸ್ಸಿಗೆ ಬಂದ ಒಂದು ಸಾಲು ಬರಿ, ನಾನು ನೋಡುವುದಿಲ್ಲ ಎಂದು ಹೇಳಿ ಕಿಟಕಿಯತ್ತ ತಿರುಗಿದೆ. ಸಿಂಧನೂರಿನ ಬಸ್ಸು ಹೋಯಿತು.

"ಸುರುವಾತಿಗೆ ಒಂದು ಶಬ್ದ ನೀವ ಹೇಳ್ರಿ ಸರ," ಅಂದಳು.

ನನ್ನ ಬಾಯಿ ಆಗಲೇ ತೆರೆದಿತ್ತು. ಕಷ್ಟಪಟ್ಟು ಮುಚ್ಚಿದೆ.

ಇನ್ನೊಂದು ಬಸ್ಸು ಹೋದ ಮೇಲೆ ಹಾಳೆ ನನ್ನ ಮುಂದೆ ಬಂತು. 'ನಮ್ಮ ಸರ ಇವತ್ತು ಏನೂ ಹೇಳಿಕೊಡಲಿಲ್ಲ' ಎಂದು ಬರೆದಿದ್ದಳು. ತಪ್ಪೇನಾದರೂ ಇದೆಯೇ ಎಂದು ಕೇಳಿದಳು. ಕಾಗುಣಿತದ ತಪ್ಪು ಎರಡಿದ್ದವು. ಇಲ್ಲ ಎಂದೆ.