ಕಿರುಬೆರಳಿಗೆ ಕಾವು

ಹೊಟ್ಟೆಯಲ್ಲಿ ಅವಳಿ ಇವೆ ಎಂದು ಗೊತ್ತಾದಾಗ ನಾನು ಹೆದರಲಿಲ್ಲ. ಮಸ್ಕಿಯ ಹೈಸ್ಕೂಲಿನಲ್ಲಿ ಅರವತ್ತು ಮಕ್ಕಳಿಗೆ ಒಂದೇ ಸಲಕ್ಕೆ ಬೀಜಗಣಿತ ಕಲಿಸುವವಳಿಗೆ ಎರಡು ಕೂಸು ಯಾವ ಲೆಕ್ಕ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿದ್ದೆ. ಎಂಟನೇ ತಿಂಗಳ ಶುರುವಿನಲ್ಲಿ ಲಿಂಗಸುಗೂರಿನ ಡಾಕ್ಟರು ಸ್ಕ್ಯಾನಿನ ಪರದೆ ನನ್ನ ಕಡೆ ತಿರುಗಿಸಿ, "ಎರಡೂ ತಲಿ ಮ್ಯಾಲೆ ಮಾಡಿ ಕುಂತಾವ ನೋಡ್ರಿ. ಮೊದಲು ಬರೋ ಕೂಸು ಹಿಂಗ ಕುಂತಿದ್ರ ಆಪರೇಷನ್ನೇ ಮಾಡಬೇಕಾಗ್ತೈತಿ," ಎಂದಾಗ ಆ ಜಂಬ ಸರ್ರನೆ ಇಳಿಯಿತು.

ನನಗೆ ಆಪರೇಷನ್ ಬೇಡವಾಗಿತ್ತು. ಕತ್ತರಿಯ ಹೆದರಿಕೆಯಿಂದಲ್ಲ. ಅವ್ವ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ದಢೇಸುಗೂರಿನ ತವರುಮನೆಯಲ್ಲಿ ಅಪ್ಪ ಮತ್ತು ತಮ್ಮ ಇದ್ದರು, ಅವರಿಗೆ ಗದ್ದೆಗೆ ನೀರು ಕಟ್ಟಲು ಬರುತ್ತದೆ, ಬಾಣಂತನ ಮಾಡಲು ಬರುವುದಿಲ್ಲ. ಗಂಡ ಲಿಂಗಸುಗೂರಿನ ಕರೆಂಟ್ ಆಫೀಸಿಗೆ ಬೆಳಿಗ್ಗೆ ಹೋದರೆ ಬರುವುದು ಸಂಜೆ. ಉಳಿದವರು ಸಂತೆಕಲ್ಲೂರಿನಿಂದ ನನಗಾಗಿಯೇ ಬಂದಿದ್ದ ಅತ್ತೆ ಒಬ್ಬರೇ. ವಯಸ್ಸು ಅರವತ್ತೈದು ದಾಟಿತ್ತು, ಮೊಣಕಾಲು ನೋವು. ನಾನು ಹೊಟ್ಟೆ ಹೊಲಿಸಿಕೊಂಡು ಮಲಗಿದರೆ ಎರಡು ಕೂಸುಗಳನ್ನು ಎತ್ತುವವರು ಯಾರು? ಹೆತ್ತ ದಿನವೇ ನಾನೇ ಎದ್ದು ನನ್ನ ಮಕ್ಕಳನ್ನು ಎತ್ತಿಕೊಳ್ಳಬೇಕು ಎಂದು ಹಟ ಹಿಡಿದಿದ್ದೆ. ನಾನು ಹಟ ಹಿಡಿದರೆ ಸುಲಭಕ್ಕೆ ಬಿಡುವವಳಲ್ಲ.

ನಮ್ಮ ಹಿಂದಿ ಟೀಚರ್ ಒಂದು ದಾರಿ ಹೇಳಿದರು. ಸಿಂಧನೂರಿನಲ್ಲಿ ಒಬ್ಬ ಬಂಗಾಳಿ ಹೆಣ್ಣುಮಗಳು ಚೀನಾದವರ ವೈದ್ಯ ಮಾಡುತ್ತಾರೆ, ಕೋಲ್ಕತ್ತಾದಲ್ಲಿ ಕಲಿತು ಬಂದವರು, ಕಾಲಿನ ಕಿರುಬೆರಳಿಗೆ ಕಾವು ಕೊಟ್ಟರೆ ಹೊಟ್ಟೆಯಲ್ಲಿ ಕುಳಿತ ಕೂಸು ತಿರುಗುತ್ತದೆ, ತಮ್ಮ ತಂಗಿಯ ಕೂಸೂ ಹಾಗೇ ತಿರುಗಿದೆ ಎಂದರು. ಸಿಂಧನೂರಿನ ಸುತ್ತ ಬಂಗಾಳಿ ಕ್ಯಾಂಪುಗಳಿವೆ, ಆಕೆ ಅಲ್ಲಿಯೇ ಹುಟ್ಟಿ ಬೆಳೆದವರು. ಜನ ಆಕೆಯ ಕೋಣೆಯನ್ನು ಸೂಜಿ ದವಾಖಾನಿ ಅನ್ನುತ್ತಿದ್ದರು.

ನಾನು ಕದ್ದು ಮಾಡುವವಳಲ್ಲ, ಮೊದಲು ಡಾಕ್ಟರನ್ನೇ ಕೇಳಿದೆ. ಅವರು ನಕ್ಕರು. "ಒಂದೇ ಕೂಸು ಇದ್ರ ತಿರುಗ್ತೈತಿ ಅಂತಾರ, ಅದೂ ಖಾತ್ರಿ ಇಲ್ಲ. ಅವಳಿ ಇದ್ರ ಒಳಗ ಜಾಗನೇ ಇರಂಗಿಲ್ಲ. ಮಾಡ್ಸೋದಿದ್ರ ಕಾಲು ಸುಟ್ಕೋಬ್ಯಾಡ್ರಿ. ನೋವು ಬಂತು, ನೀರು ಹೋತು ಅಂದ್ರ ಎಲ್ಲಾ ಬಿಟ್ಟು ಸೀದಾ ಇಲ್ಲಿಗೆ ಬರ್ರಿ. ಸ್ಕ್ಯಾನ್ ಮಾತ್ರ ತಪ್ಪಿಸಬ್ಯಾಡ್ರಿ." ಇಷ್ಟು ಮಾತಿನಲ್ಲಿ ನನ್ನ ಕಿವಿ ಹಿಡಿದುಕೊಂಡದ್ದು ಒಂದೇ: ಬೇಡ ಅನ್ನಲಿಲ್ಲ.

ಅತ್ತೆಯನ್ನು ಕರೆದುಕೊಂಡು ಸಿಂಧನೂರಿನ ಬಸ್ಸು ಹತ್ತಿದೆ. ಸೂಜಿ ದವಾಖಾನಿಯ ಹೆಣ್ಣುಮಗಳು ನನ್ನ ರಿಪೋರ್ಟುಗಳನ್ನೆಲ್ಲ ಓದಿ, ಡಾಕ್ಟರಿಗೆ ಹೇಳಿದ್ದೀರಾ ಎಂದು ಎರಡು ಸಲ ಕೇಳಿದ ಮೇಲೆಯೇ ಪೆಟ್ಟಿಗೆ ತೆರೆದರು. ಹೆಬ್ಬೆರಳಿನಷ್ಟು ದಪ್ಪದ, ಬಿಳಿ ಕಾಗದ ಸುತ್ತಿದ ಕಡ್ಡಿಗಳಿದ್ದವು. ಅತ್ತೆ ಒಂದನ್ನು ಮೂಸಿ ನೋಡಿದರು.

"ಇದು ಮಾಚಿಪತ್ರಿ ಅಲ್ಲೇನವಾ? ಇದನ್ನ ಚೀನಾದಿಂದ ತರಸಬೇಕೇನು? ನಮ್ಮ ಮಸ್ಕ್ಯಾಗ ಹೂವಿನಾಕಿ ಮಾಲಿಗೆ ಕಟ್ಟಿ ಮಾರ್ತಾಳ."

"ಅದರದಾ ಜಾತಿ ರೀ ಅಮ್ಮಾ," ಎಂದರು ಆಕೆ. "ಒಣಗಿಸಿ, ಕುಟ್ಟಿ, ಹತ್ತಿ ಮಾಡಿದಂಗ ಮಾಡಿರ್ತಾರ. ಉರಿಯಂಗಿಲ್ಲ, ಕೆಂಡ ಆಗಿ ಕುಂದರ್ತೈತಿ."

ಕಿರುಬೆರಳಿನ ಉಗುರಿನ ಹೊರಮೂಲೆಗೆ ಎರಡು ಬೆರಳು ದೂರದಲ್ಲಿ ಆ ಕೆಂಡವನ್ನು ಹಿಡಿಯಬೇಕು. ಬಿಸಿ ಹಿತವಾಗಿರಬೇಕು, ಚುರುಕು ಮುಟ್ಟಬಾರದು. ಒಂದೊಂದು ಕಾಲಿಗೆ ಕಾಲು ಗಂಟೆ, ಹತ್ತು ದಿನ. ಕಿರುಬೆರಳಿನ ಬೆಳ್ಳಿ ಉಂಗುರ ಮಾತ್ರ ತೆಗೆಯಬೇಕು, ಬೆಳ್ಳಿ ಬೇಗ ಕಾಯುತ್ತದೆ ಎಂದರು. ಅಲ್ಲಿಗೆ ಅತ್ತೆ ಮುಖ ಬಿಗಿದುಕೊಂಡರು. ಗಂಡನಿರುವವಳ ಕಾಲು ಬರಿದಾಗಬಾರದು. ಕೊನೆಗೆ ಉಂಗುರದ ಜಾಗಕ್ಕೆ ಅರಿಶಿಣದ ದಾರ ಕಟ್ಟಿ ತಮ್ಮ ಮನಸ್ಸಿಗೆ ಸಮಾಧಾನ ಮಾಡಿಕೊಂಡರು. ಎರಡನೇ ದಿನವೇ ಕಡ್ಡಿಯ ಕಿಡಿಯೊಂದು ಆ ದಾರಕ್ಕೆ ಬಿದ್ದು ಹೊಗೆಯಾಡಿತು. ನಾನು ಕಿರುಚಿದೆ, ಅತ್ತೆ ಉಫ್ ಎಂದು ಊದಿದರು, ಬೆರಳಿಗೆ ಕಡಲೆಯಷ್ಟು ಬೊಬ್ಬೆ ಬಂತು. "ನೀ ಕಾಲು ಯಾಕ ಅಳ್ಳಾಡಿಸಿದಿ?" ಎಂದು ಬೈಗುಳ ನನಗೇ. ದಾರ ಮಾತ್ರ ಮರುದಿನ ಕಾಣಲಿಲ್ಲ.

ಆ ಹೊಟ್ಟೆ ಹೊತ್ತು ನನ್ನ ಕಾಲು ನನಗೇ ಕಾಣುತ್ತಿರಲಿಲ್ಲ, ಕೈ ಮುಟ್ಟುವುದು ದೂರದ ಮಾತು. ಹಾಗಾಗಿ ದಿನಾ ಮಧ್ಯಾಹ್ನ ಅತ್ತೆಯೇ ಸಣ್ಣ ಸ್ಟೂಲಿನ ಮೇಲೆ ಕುಳಿತು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರು. ಸೊಸೆಯ ಕಾಲನ್ನು ಅತ್ತೆ ಹಿಡಿಯುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಮೊದಲ ದಿನ ಕಾಲು ಎಳೆದುಕೊಂಡಿದ್ದೆ. "ಇಡು ಸುಮ್ನ. ನಿನ್ನ ಕಾಲಿಗೆ ಮಾಡಾಕತ್ತಿಲ್ಲ, ನನ್ನ ಮೊಮ್ಮಕ್ಕಳಿಗೆ ಮಾಡಾಕತ್ತೀನಿ," ಅಂದರು. ನನಗೆ ಅವ್ವನ ನೆನಪಾಗಿ ಅಳು ಬಂತು. ಹೊಗೆಯ ನೆಪ ಹೇಳಿ ಕಣ್ಣು ಒರೆಸಿಕೊಂಡೆ.

ಹತ್ತು ದಿನ ಮುಗಿಸಿ ಲಿಂಗಸುಗೂರಿಗೆ ಹೋದರೆ, ಮೊದಲ ಕೂಸು ತಲೆ ಕೆಳಗೆ ಮಾಡಿತ್ತು! ಎರಡನೆಯದು ಇದ್ದಲ್ಲೇ ಕುಳಿತಿತ್ತು. "ಮೊದಲನೇದು ಬಂದ್ರ ಸಾಕು," ಎಂದರು ಡಾಕ್ಟರು. "ತಾನಾ ತಿರುಗೈತೋ, ನಿಮ್ಮ ಹೊಗಿಗೆ ತಿರುಗೈತೋ ನನಗ ಗೊತ್ತಿಲ್ಲ. ಹಿಂಗಾ ಇದ್ರ ನಾರ್ಮಲ್ ನೋಡೋಣ." ಸಿಂಧನೂರಿಗೆ ಫೋನ್ ಮಾಡಿದೆ. "ಇವತ್ತಿಗೆ ನಿಲ್ಲಿಸಿಬಿಡ್ರಿ, ಇನ್ನೊಂದು ದಿನಾನೂ ಬ್ಯಾಡ," ಎಂದರು ಆಕೆ. ನಾನು ಗೆದ್ದಿದ್ದೆ. ರಜೆಯಲ್ಲಿದ್ದರೂ ಹೋಗಿ ಸ್ಟಾಫ್ ರೂಮಿಗೆಲ್ಲ ಪೇಡೆ ಹಂಚಿದೆ.

ಅತ್ತೆ ಮಾತ್ರ ಪೇಡೆ ಮುಟ್ಟಲಿಲ್ಲ. ಅವಳಿ ಎಂದು ಗೊತ್ತಾದಾಗಿನಿಂದ ಅವರು ಎಲ್ಲವನ್ನೂ ಜೋಡಿಯಾಗಿಯೇ ಮಾಡುತ್ತ ಬಂದಿದ್ದರು. ಸೀಮಂತದ ಕುಬಸದ ದಿನ ಎರಡು ಸಲ ಉಡಿ ತುಂಬಿಸಿದ್ದರು. ಒಂದು ಹೋಳಿಗೆ ಸಾಕೆಂದರೆ ಕೇಳುತ್ತಿರಲಿಲ್ಲ, ಎರಡನೆಯದನ್ನು ಬಾಯಿಗೆ ತುರುಕುತ್ತಿದ್ದರು. ಮರುದಿನ ಮಧ್ಯಾಹ್ನ ನೋಡಿದರೆ ಮತ್ತೆ ಕಡ್ಡಿ ಹೊತ್ತಿಸಿಕೊಂಡು ಬಂದು ಕುಳಿತರು.

"ಅತ್ತಿ, ಬಿಡು ಅಂದಾರ್ರೀ."

"ಒಂದಕ್ಕ ಮಾಡಿ ಒಂದಕ್ಕ ಬಿಡಬಾರದು ಬೇ. ಅದೇನು ಪಾಪ ಮಾಡೈತಿ? ಅದಕ್ಕೂ ಬರೋಬರಿ ಹತ್ತು ದಿನ ಆಗಲಿ."

ಗಣಿತದ ಮಾಸ್ತರಿಣಿ ನಾನು. ಕಾವು ಒಂದು ಕೂಸಿಗೆ ಇನ್ನೊಂದು ಕೂಸಿಗೆ ಎಂದು ಬೇರೆ ಬೇರೆ ಹೋಗುವುದಿಲ್ಲ, ಬೆರಳು ಅದೇ, ಹೊಟ್ಟೆಯೂ ಅದೇ ಎಂದು ನನಗೆ ತಿಳಿಯದೆ ಇರಲಿಲ್ಲ. ಆದರೆ ಗೆದ್ದವಳಿಗೆ ದುರಾಸೆ. ಒಂದು ತಿರುಗಿದೆ, ಇನ್ನೊಂದೂ ತಿರುಗಲಿ ಎಂದು ಕಾಲು ಚಾಚಿದೆ. ತಪ್ಪು ಅತ್ತೆಯದು ಎಂದು ನಾನು ಯಾರ ಮುಂದೆಯೂ ಹೇಳಿಲ್ಲ, ಹೇಳುವುದೂ ಇಲ್ಲ. ಈ ಸಲ ಸಿಂಧನೂರಿಗೂ ಹೇಳಲಿಲ್ಲ, ಲಿಂಗಸುಗೂರಿಗೂ ಹೇಳಲಿಲ್ಲ.

ಎಂಟನೇ ದಿನ ಹೊಟ್ಟೆಯಲ್ಲಿ ಭಾರಿ ಒದ್ದಾಟವಾಯಿತು. ಒಂದು ದುಂಡನೆಯ ಗಟ್ಟಿ ಉಬ್ಬು ಬಲಗಡೆಯಿಂದ ಮೇಲಕ್ಕೆ ಸರಿದದ್ದು ಸೀರೆಯ ಮೇಲಿನಿಂದಲೇ ಕಂಡಿತು. ಕಡ್ಡಿಯನ್ನು ನೀರಿಗೆ ಹಾಕಿ ಅಲ್ಲಿಂದಲೇ ಲಿಂಗಸುಗೂರಿಗೆ ಹೊರಟೆವು. ಎರಡೂ ಕೂಸುಗಳ ಎದೆಬಡಿತ ಚೆನ್ನಾಗಿತ್ತು. ಆದರೆ ಮೊದಲನೆಯದು ತಿರುಗಿ ಮತ್ತೆ ಕುಳಿತುಬಿಟ್ಟಿತ್ತು. ಕಾವಿನಿಂದ ತಿರುಗಿತೋ, ಕೂಸಿಗೇ ಬೇಸರವಾಗಿ ತಿರುಗಿತೋ ಯಾರು ಹೇಳಬೇಕು? ಎಂಟು ದಿನದ ಸಂಗತಿಯನ್ನು ಡಾಕ್ಟರ ಮುಂದೆ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಮುಂದಿನ ಸೋಮವಾರ ಆಪರೇಷನ್ ಎಂದು ಬರೆದರು.

ಹೊರಗೆ ಬೆಂಚಿನ ಮೇಲೆ ಕುಳಿತಾಗ ನನಗೆ ಸಿಟ್ಟು ನೆತ್ತಿಗೇರಿತ್ತು. ಇನ್ನೂ ನಾಲ್ಕೈದು ದಿನ ಇವೆ, ಸಿಂಧನೂರಿಗೆ ಹೋಗಿ ಮತ್ತೆ ಕೇಳೋಣ, ಒಮ್ಮೆ ತಿರುಗಿದ್ದು ಇನ್ನೊಮ್ಮೆ ತಿರುಗುವುದಿಲ್ಲವೇ ಎಂದೆ. ಅತ್ತೆ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ಬ್ಯಾಡ ಯವ್ವಾ, ಆಪರೇಷನ್ನಾ ಮಾಡಸು. ನಿನ್ನ ಗಂಡನ ಜೋಡಿ ಇನ್ನೊಂದಿತ್ತು ನನ್ನ ಹೊಟ್ಟ್ಯಾಗ. ಗಂಡು ಹುಟ್ಟೈತಿ ಅಂತ ಎಲ್ಲಾರೂ ಇವನ್ನ ಎತಗೊಂಡು ಪಡಸಾಲಿಗೆ ಹೋದ್ರು. ನಾನೂ ಇವನ ಅಳು ಕೇಳಕೋತ ನಕ್ಕೋತ ಮಲಗಿದ್ದೆ. ಒಳಗ ಇನ್ನೊಂದು ಐತಿ ಅಂತ ಯಾರಿಗೂ ಗೊತ್ತಿದ್ದಿಲ್ಲ. ಕಾಲು ಮುಂದ ಮಾಡಿ ಬಂತು, ಹಿಡಿಯಾಕ ಯಾರೂ ಇದ್ದಿಲ್ಲ. ಹೆಣ್ಣು. ಅದರ ಅಳು ನಾ ಕೇಳಲೇ ಇಲ್ಲ."

ನಲವತ್ತು ವರ್ಷ ಸಮೀಪಿಸಿತ್ತು ಆ ಮಾತಿಗೆ. ನನ್ನ ಗಂಡನಿಗೂ ತಿಳಿದಿರಲಿಲ್ಲ. ಎರಡನೆಯದನ್ನು ಬಿಡಬಾರದು ಎಂದು ಅವರು ಯಾಕೆ ಹಟ ಹಿಡಿದಿದ್ದರು ಎಂದು ಆಗ ತಿಳಿಯಿತು, ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಾನೇ ಎತ್ತಬೇಕು ಎಂಬ ಹಟವೂ ಆ ಬೆಂಚಿನ ಮೇಲೆಯೇ ಮುಗಿಯಿತು. "ಆಗಲಿ ಅತ್ತಿ, ನೀವಾ ಎತ್ತುವಂತ್ರಿ," ಎಂದೆ.

ಸೋಮವಾರ ನಾನು ಹೆದರದೆ ಒಳಗೆ ಹೋದೆ. ಬಾಗಿಲಾಚೆ ನಡೆದದ್ದನ್ನು ಆಮೇಲೆ ಗಂಡ ಹೇಳಿದ. ನರ್ಸು ಮೊದಲ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಂದು ಅತ್ತೆಯ ಮುಂದೆ ಹಿಡಿದಳಂತೆ. ಅತ್ತೆ ಅದರ ಮುಖ ಕೂಡ ನೋಡಲಿಲ್ಲವಂತೆ. "ಇದನ್ನ ಅವರಪ್ಪನ ಕೈಯಾಗ ಕೊಡವಾ. ನೀ ಹೊಳ್ಳಿ ಒಳಗ ಹೋಗು, ಅಲ್ಲಿ ಇನ್ನೊಂದು ಐತಿ," ಎಂದು ಆಕೆಯನ್ನು ಹಿಂದಕ್ಕೆ ಕಳಿಸಿ, ಬಾಗಿಲಿಗೆ ಕಿವಿಯಿಟ್ಟು ನಿಂತರಂತೆ. ಎರಡನೆಯದರ ಅಳು ಕೇಳಿದ ಮೇಲೆ, ಮೊಣಕಾಲು ಮಡಿಸಲಾರದ ನಮ್ಮತ್ತೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರಂತೆ.